ಕಣ್ಣುಪಟ್ಟಿ ಅಕ್ಕನೂ ಕ್ಷೌರಿಕನ ಬಲಗೈಯೂ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಣ್ಣುಪಟ್ಟಿ ಅಕ್ಕ ಎಂದು. ಕಣ್ಣೇನೋ ಹದ್ದಿನದು; ಆದರೆ ಒಂದು ವಿಷಯ ಮಾತ್ರ ಅವಳಿಗೆ ಗೊತ್ತಾಗಕೂಡದು, ಅದೇ ಅವಳ ಕೆಲಸ. ಲಕ್ವ ಹೊಡೆದವರ ಮೆದುಳಿನಲ್ಲಿ ಕಟ್ಟಿದ ಹೆಪ್ಪು ಕರಗಿಸಲು ಹೊಸ ಮದ್ದೊಂದು ಬಂದಿದೆ. ಅದು ಹಳೆಯದಕ್ಕಿಂತ ಮೇಲೋ ಅಲ್ಲವೋ ನೋಡಲು, ಒಪ್ಪಿದ ರೋಗಿಗಳಲ್ಲಿ ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು ಕೊಡುತ್ತಾರೆ. ಮೂರು ತಿಂಗಳಾದ ಮೇಲೆ ಅಕ್ಕ ಅವರವರ ಮನೆಗೆ ಹೋಗಿ, ಯಾರು ಎಷ್ಟು ಚೇತರಿಸಿಕೊಂಡಿದ್ದಾರೆಂದು ಅಂಕ ಹಾಕಬೇಕು. ಯಾರಿಗೆ ಯಾವ ಮದ್ದು ಹೋಗಿದೆಯೆಂದು ತಿಳಿದರೆ ಮನಸ್ಸು ಒಂದು ಕಡೆ ವಾಲೀತು, ಅದಕ್ಕೇ ಈ ಪಟ್ಟಿ. ಲಿಫ್ಟಿನವನಿಗೂ ಗೊತ್ತಿರುವ ಗುಟ್ಟು ಅವಳಿಗೆ ಗೊತ್ತಿಲ್ಲ. ಅವಳು ಕ್ಯಾಂಟೀನಿಗೆ ಕಾಲಿಟ್ಟರೆ ನರ್ಸುಗಳೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಬಿಸಿಲಿನ ಮಾತು ತೆಗೆಯುತ್ತಾರೆ.

"ಬೀದಿ ಸುದ್ದಿಯೆಲ್ಲ ಮನೆಗೆ ಹೊತ್ಕೊಂಡು ಬರೋಳಿಗೆ, ಸುದ್ದಿ ಕೇಳದೆ ಇರೋದಕ್ಕೇ ಸಂಬಳ ಕೊಡ್ತಾರಂತೆ!" ಎಂದು ಅವಳ ಅತ್ತೆ ಚುಚ್ಚುತ್ತಾರೆ.

ನಿಜಕ್ಕೂ ಕಷ್ಟವೆಂದರೆ ಗುಟ್ಟಲ್ಲ, ಜನರ ಒಳ್ಳೆಯತನ. ಹೇಗಿದ್ದೀರಿ ಎಂದರೆ ಹಾಸಿಗೆ ಹಿಡಿದವರೂ "ಡಾಕ್ಟ್ರ ದಯದಿಂದ ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಾರೆ. ಯಜಮಾನರು ಮೊದಲಿನ ಹಾಗೆ ಮನೆಕೆಲಸ ಮಾಡುತ್ತಾರಾ ಎಂದು ಒಬ್ಬಾಕೆಯನ್ನು ಕೇಳಿದರೆ, "ಥೇಟ್ ಮೊದಲಿನ ಹಾಗೇ! ಕೂತಲ್ಲಿಂದೆದ್ದು ಒಂದು ಲೋಟ ನೀರು ತಗೊಳ್ಳಲ್ಲ" ಎಂದಳು. ಇದಕ್ಕೆ ಯಾವ ಅಂಕ ಹಾಕಬೇಕು?

ಈ ಸಲ ಹೋದದ್ದು ಒಬ್ಬ ಕ್ಷೌರಿಕನ ಮನೆಗೆ. ಮನೆಯ ಮುಂದಿನ ಕೋಣೆಯೇ ಸಲೂನು. ಲಕ್ವ ಹೊಡೆದು ಅವನ ಬಲಗೈ ಬಿದ್ದ ಮೇಲೆ ಕುರ್ಚಿಯ ಹಿಂದೆ ತಮ್ಮ ನಿಂತಿದ್ದ. ಅಣ್ಣ ಬೆಂಚಿನ ಮೇಲೆ ಕೂತು ಗಿರಾಕಿಗಳಿಗೆ ಹಳೆಯ ಪೇಪರು ಓದಿ ಹೇಳುತ್ತಿದ್ದ. ತಮ್ಮ ಮಾತು ಕೊಟ್ಟಿದ್ದ: ಆಸ್ಪತ್ರೆಯವರು ಪೂರ್ತಿ ಗುಣ ಎನ್ನಲಿ, ಆವತ್ತೇ ಕುರ್ಚಿ ನಿನ್ನದು. ಇದು ಅಕ್ಕನಿಗೆ ಗೊತ್ತಿರಲಿಲ್ಲ. ಇಸ್ತ್ರಿ ಅಂಗಿ ತೊಟ್ಟು, ಇನ್‌ಸ್ಪೆಕ್ಟರು ಬಂದಾಗ ಶಾಲೆಮಕ್ಕಳು ನಿಲ್ಲುವ ಹಾಗೆ ನಿಂತಿದ್ದ ಅಣ್ಣನನ್ನು ಕಂಡೇ ಅವಳಿಗೆ ಅನುಮಾನ ಬಂತು.

"ಕೈ ಹೇಗಿದೆ ಅಣ್ಣಾ?"

"ಕೈಗೇನಾಗಿತ್ತು ಅನ್ನೋದೇ ಮರೆತುಹೋಗಿದೆ ಅಕ್ಕ. ಪೂರ್ತಿ ಅಂಕ ಹಾಕ್ಬಿಡಿ."

"ಇಲ್ಲಿ ಸೊನ್ನೆ ತಗೊಂಡೋರೇ ಜಾಣರು. ಅಂಕ ಏರಿದಷ್ಟೂ ಕಷ್ಟ ಜಾಸ್ತಿ ಅಂತ."

"ಹಂಗಾದ್ರೆ ಸೊನ್ನೆ ಹಾಕಿ. ಶಾಲೇಲೂ ನನಗೆ ಅದೇ ಬರ್ತಿತ್ತು."

"ಅಂಗಿ ಗುಂಡಿ ಯಾರು ಹಾಕಿದ್ದು?"

"ನಾನೇ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೆಮ್ಮಿದಳು. "ಹೂಂ, ಅವರೇ. ನನ್ನ ಕೈಲಿ."

ಕ್ಷೌರಿಕನಿಗೆ ರೇಗಿತು. "ಲೋ ತಮ್ಮಾ, ಕೂತ್ಕೋ ಕುರ್ಚಿ ಮೇಲೆ. ಅಕ್ಕನಿಗೆ ತೋರಿಸೇಬಿಡ್ತೀನಿ."

"ನಾನ್ಯಾಕೆ? ಯಾರಾದ್ರೂ ಗಿರಾಕಿ ಬರ್ಲಿ."

"ಗಿರಾಕಿ ಹೋದ್ರೆ ನಷ್ಟ ಕಣೋ. ನೀನು ಹೋದ್ರೆ ಏನು?"

ತಮ್ಮ ಕೂತ. ಅಣ್ಣ ಬಲಗೈಯಲ್ಲಿ ಬ್ರಷ್ ಹಿಡಿದು ನೊರೆ ಹಚ್ಚಿದ. ಗಲ್ಲಕ್ಕೆ ಹೋದದ್ದು ಸ್ವಲ್ಪ. ಮೂಗು, ಕಿವಿ, ಒಂದು ಹುಬ್ಬು ಬೆಳ್ಳಗಾದವು. ಅದೇ ಕೈ ಕತ್ತಿಯ ಕಡೆ ಹೋದಾಗ ಹೆಂಡತಿಯ ನಗು ನಿಂತಿತು. "ಬೇಡಿ ರೀ. ಅಕ್ಕ, ಗುಣ ಅಂತ ನೀವು ಬರೆದ್ರೆ ಕುರ್ಚಿ ಇವರಿಗೆ ವಾಪಸ್ಸು. ಅದಕ್ಕೇ ಇಷ್ಟೆಲ್ಲ."

ಅಕ್ಕ ಎದ್ದು ಅವನ ಮಣಿಕಟ್ಟು ಹಿಡಿದಳು. "ಅಣ್ಣಾ, ಪರೀಕ್ಷೆ ನಿಮಗಲ್ಲ, ಮದ್ದಿಗೆ."

"ಕುರ್ಚಿ ಒಂದೇ ಅಲ್ಲ ಅಕ್ಕ. ಜೀವ ಉಳಿಸಿದ ಡಾಕ್ಟ್ರು ಅವರು. ಕೈ ಬರ್ಲಿಲ್ಲ ಅಂತ ಹೇಳಿ ಅವರ ಮುಖಕ್ಕೆ ಮಸಿ ಬಳೀಲಾ?"

ಚಿಕಿತ್ಸೆಯನ್ನು ಭಿಕ್ಷೆ ಮಾಡಿ, ಪ್ರಾಣ ಉಳಿದದ್ದಕ್ಕೆ ರೋಗಿ ಸುಳ್ಳು ಹೇಳಿಯಾದರೂ ಋಣ ತೀರಿಸಬೇಕೆಂಬ ಭಯ ಹುಟ್ಟಿಸಿದವರು ಯಾರು? ಬಿಳಿ ಕೋಟಿನ ಮುಂದೆ ಕೈಕಟ್ಟಿ ನಿಲ್ಲಲು ಕಲಿಸಿದ ನಮ್ಮ ಆಸ್ಪತ್ರೆಗಳೇ. ಆಮೇಲೆ ಅವೇ ಆಸ್ಪತ್ರೆಗಳು, ಹೋಗು, ಸತ್ಯ ಹೆಕ್ಕಿಕೊಂಡು ಬಾ ಎಂದು ಇಂಥ ಅಕ್ಕಂದಿರನ್ನು ಬಿಸಿಲಿಗೆ ಅಟ್ಟುತ್ತವೆ. ಬಿತ್ತಿದ್ದು ಬೇವು, ಬೇಕಾದ್ದು ಮಾವು!

ಅಕ್ಕ ಇದನ್ನೆಲ್ಲ ಹೇಳಲಿಲ್ಲ. "ನಾಳೆ ಇನ್ನೊಬ್ಬ ಕ್ಷೌರಿಕ ಬರ್ತಾನೆ. ಇದೇ ಮದ್ದು ಕೊಟ್ಟು, ಕೈ ನೆಟ್ಟಗಾಗುತ್ತೆ ಅಂತಾರೆ. ಯಾಕಂದ್ರೆ ನಿಮ್ಮ ಸೊನ್ನೆ ಆಸ್ಪತ್ರೆ ಲೆಕ್ಕದಲ್ಲಿರುತ್ತೆ. ಅವನ ಕೈ ಬರದಿದ್ರೆ ಅವನು ಯಾರನ್ನ ಬೈಬೇಕು?" ಎಂದಳು.

"ನನ್ನನ್ನೇ," ಎಂದ ಕ್ಷೌರಿಕ. ಎಡಗೈಯಿಂದ ಕತ್ತಿ ತೆಗೆದುಕೊಂಡು, ಮಡಚಿ ತಮ್ಮನ ತೊಡೆಯ ಮೇಲಿಟ್ಟ. "ಕೇಳಿ ಅಕ್ಕ, ಏನು ಕೇಳ್ತೀರೋ."

ಅವಳು ಮೊದಲಿನಿಂದ ಕೇಳಿದಳು. ಗುಂಡಿ ಹೆಂಡತಿಯದು, ತಟ್ಟೆಯಲ್ಲಿ ಅನ್ನ ಕಲಸಿಕೊಡುವುದೂ ಅವಳೇ, ನಡಿಗೆ ಅವನದೇ. ಅಕ್ಕ ಮೂರು ಎಂದು ಬರೆದಳು: ತಾನೇ ನಡೆಯುತ್ತಾನೆ, ಆದರೆ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕು. ಅಣ್ಣ ಬೆಂಚಿನ ಕಡೆ ಹೊರಟ.

"ಎಲ್ಲಿಗೆ?" ಎಂದ ತಮ್ಮ. ನೊರೆ ಒಣಗಿ ಮುಖ ಬಿರುಕುಬಿಟ್ಟ ಗೋಡೆಯಂತಾಗಿತ್ತು. "ಮೂರು ಬಂದೋನಿಗೆ ಕತ್ತಿ ಕೊಡಲ್ಲ, ಸರಿ. ಬ್ರಷ್ ಹಿಡಿಯೋಕೇನು ರೋಗ? ನೊರೆ ನಿಂದು, ಕತ್ತಿ ನಂದು. ನಾನೇನು ಎರಡು ಕೈಲಿ ಎಷ್ಟೂಂತ ಮಾಡ್ಲಿ?"

ಅಷ್ಟರಲ್ಲಿ ಒಬ್ಬ ಗಿರಾಕಿ ಒಳಗೆ ಬಂದ. ತಮ್ಮ ಮುಖ ಒರೆಸಿಕೊಂಡು ಕುರ್ಚಿ ಬಿಟ್ಟ. ಅಣ್ಣ ಬ್ರಷ್ಷನ್ನು ಬಲಗೈಗೆ ಸಿಕ್ಕಿಸಿಕೊಂಡು, ಎಡಗೈಯಿಂದ ಅದಕ್ಕೆ ಆಸರೆ ಕೊಟ್ಟು, ಗಂಟಲು ಸರಿಮಾಡಿಕೊಂಡ.

"ಕೂತ್ಕೊಳ್ಳಿ ಸ್ವಾಮಿ. ಬಾಯಿ ಮಾತ್ರ ಗಟ್ಟಿಯಾಗಿ ಮುಚ್ಕೊಳ್ಳಿ."