ಭಾಳ ಸಂತೋಷ ಆತು

ಕಂಪ್ಲಿಯ ಅಕ್ಕಿ ಗಿರಣಿ ಮಾರಿ ನಮ್ಮ ಭಾವ ಹೊಸಪೇಟೆಯಲ್ಲಿ ಅದಿರು ಸಾಗಿಸುವ ಟಿಪ್ಪರ್‌ಗಳನ್ನು ಇಟ್ಟ. ಎದುರಿಗೆ ಅವನಿಗೆ ಬಹುವಚನ ಹಚ್ಚುತ್ತಿದ್ದೆ. ಬರೆಯುವಾಗ ಮನಸ್ಸು ಬರುತ್ತಿಲ್ಲ. ಆಫೀಸಿನಲ್ಲಿ ನನ್ನ ಕೆಲಸ ಟ್ರಿಪ್ ಬರೆದುಕೊಳ್ಳುವುದು. ಅವನದು ಅಂಗಿ ಜೇಬಿಗೆ ಮೂರು ಮೊಬೈಲು ತುರುಕಿಕೊಂಡು ಎದೆ ಸೆಟೆಸಿ ಕೂರುವುದು.

ಡ್ರೈವರುಗಳು ಮಿಸ್ಡ್ ಕಾಲ್ ಕೊಡುತ್ತಿದ್ದರು. ಒಂದು ರಿಂಗ್ ಆದರೆ ಲೋಡ್ ಆಯಿತು, ಎರಡಾದರೆ ಇಳಿಸಿ ಆಯಿತು. ಬಂಡ್ರಿ ಊರಿನ ಒಬ್ಬ ಡ್ರೈವರನಂತೂ ಎರಡು ವರ್ಷದಲ್ಲಿ ಒಂದು ಮೆಸೇಜ್ ಬರೆದವನಲ್ಲ.

ಒಂದು ಬೆಳಿಗ್ಗೆ ಅವನು ಬಂದು ನಿಂತ. ಹೆಂಡತಿಯನ್ನು ಸಂಡೂರಿನ ಆಸ್ಪತ್ರೆಗೆ ಸೇರಿಸಿದ್ದ; ಮೊದಲ ಕೂಸು ಹೆರಿಗೆಯಲ್ಲೇ ಹೋಗಿತ್ತು. "ಇವತ್ತೊಂದಿನ ಬಿಡ್ರಿ ಸಾವಕಾರ್ರ," ಎಂದ.

"ಹೆರಾಕಿ ಆಕಿ. ನೀ ಅಲ್ಲಿ ಏನ್ ಮಾಡ್ತಿ? ಎರಡ್ ಟ್ರಿಪ್ ಹೊಡಿ, ಆಮ್ಯಾಲ ಹೋಗು," ಎಂದು ಭಾವ ನಕ್ಕ. ಅವನು ಗಾಡಿ ಹತ್ತಿದ.

ಮಧ್ಯಾಹ್ನ ಭಾವನ ಮೊಬೈಲಿಗೆ ಅವನ ಮೆಸೇಜ್ ಬಂತು, ಇಂಗ್ಲಿಷ್ ಅಕ್ಷರಗಳಲ್ಲಿ: "ಆತ್ರಿ ಸಾವಕಾರ್ರ. ಭಾಳ ಸಂತೋಷ ಆತು." ಭಾವ ಅದನ್ನು ಆಫೀಸಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ. "ನೋಡ್ಲೇ, ಮಂದೀನ ಹಿಂಗ ಇಟ್ಕೋಬೇಕು!"

ನನಗೆ ಮೈಯೆಲ್ಲ ಉರಿಯಿತು. "ಭಾವಾ, ಅದು ಸಿಟ್ಟು ರೀ. ಹೆಂಡ್ತಿ ಆಸ್ಪತ್ರ್ಯಾಗ ಅದಾಳ. ಯಾವತ್ತೂ ಬರೀದವ ಇವತ್ತ ಬರದಾನ. ಫೋನ್ ಮಾಡಿ ಹೋಗು ಅನ್ರಿ."

"ಬರ್ದಿದ್ದು ಓದು. ಬರೀದಿದ್ದು ಓದಬ್ಯಾಡ."

ಒಂದು ಕಾಳು ಬಾಯಿಗೆ ಹಾಕಿಕೊಂಡು ಅದು ಯಾವ ಊರಿನ ಗದ್ದೆಯ ಅಕ್ಕಿ ಎಂದು ಹೇಳುತ್ತಿದ್ದ ಆಸಾಮಿ ಇವನು. ಮನುಷ್ಯರು ಮಾತ್ರ ತಿಳಿಯಲಿಲ್ಲ. ನನ್ನ ಹತ್ತಿರವೂ ಮೊಬೈಲ್ ಇತ್ತು; 'ನೀ ಹೋಗು' ಎಂದು ನಾನೇ ಹೇಳಬಹುದಿತ್ತು. ಭಾವನ ಮನೆಯಲ್ಲೇ ಉಣ್ಣುತ್ತಿದ್ದೆ, ಸುಮ್ಮನಾದೆ. ನಾನೇನೂ ದೊಡ್ಡ ಮನುಷ್ಯನಲ್ಲ.

ಆಮೇಲೆ ರಿಂಗ್ ಬರಲೇ ಇಲ್ಲ. ಸಂಜೆ ಹೊತ್ತಿಗೆ ಲೋಡ್ ತುಂಬಿದ ಟಿಪ್ಪರ್ ಯಶವಂತನಗರದ ಒಂದು ಚಹಾದಂಗಡಿಯ ಮುಂದೆ ಸಿಕ್ಕಿತು. ಕೀಲಿ ಅಂಗಡಿಯವನ ಕೈಯಲ್ಲಿತ್ತು. ಡ್ರೈವರ್ ಮಧ್ಯಾಹ್ನವೇ ಸಂಡೂರಿನ ಬಸ್ ಹತ್ತಿದ್ದ.

ಮರುದಿನ ಬೆಳಿಗ್ಗೆ ಭಾವನಿಗೆ ಅವನ ಇನ್ನೊಂದು ಮೆಸೇಜ್ ಬಂತು. ಓದುತ್ತಿದ್ದಂತೆ ಭಾವನ ಮುಖ ಕೆಂಪಾಯಿತು. "ಎಷ್ಟ್ ಸೊಕ್ಕು ನೋಡ್ಲೇ! ನನ್ನ ಹಂಗ್ಸಾಕ ಬರದಾನ," ಎಂದು ಮೊಬೈಲನ್ನು ಮೇಜಿಗೆ ಕುಕ್ಕಿ ಹೊರಗೆ ಹೋದ.

ನಾನು ಎತ್ತಿಕೊಂಡು ನೋಡಿದೆ. "ಹೆಣ್ಣು ಕೂಸು. ಇಬ್ರೂ ಆರಾಮ ಅದಾರ. ಭಾಳ ಸಂತೋಷ ಆತು."

ಇದನ್ನು ಆಫೀಸಿಗೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳಿದೆ.