ಗ್ಯಾಸ್ ಕಾರಿಗೆ ಹೂ ಕೇಳಿದ್ದು

ನಮ್ಮ ಕಾರು ಪೆಟ್ರೋಲಿನಲ್ಲೂ ಓಡುತ್ತದೆ, ಗ್ಯಾಸಿನಲ್ಲೂ ಓಡುತ್ತದೆ ಎಂದು ಅಪ್ಪ ಹೇಳುತ್ತಿದ್ದ. ನಾನು ಕಂಡ ಹಾಗೆ ಅದು ಎರಡರಲ್ಲೂ ನಿಲ್ಲುತ್ತಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಪೆಟ್ರೋಲ್ ದುಬಾರಿಯಾಯಿತೆಂದು ಅಪ್ಪ ಸಿದ್ದಾಪುರದ ಮೆಕ್ಯಾನಿಕ್ ಒಬ್ಬನ ಹತ್ತಿರ ಅದಕ್ಕೆ ಗ್ಯಾಸ್ ಕಿಟ್ ಹಾಕಿಸಿದ. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿತು, ಸ್ಟೇರಿಂಗ್ ಪಕ್ಕ ಒಂದು ಸ್ವಿಚ್ಚು ಬಂತು. ಮೇಲಕ್ಕೆ ಒತ್ತಿದರೆ ಪೆಟ್ರೋಲ್, ಕೆಳಕ್ಕೆ ಒತ್ತಿದರೆ ಗ್ಯಾಸ್. ಐದಾರು ವರ್ಷ ಕಳೆಯುವಷ್ಟರಲ್ಲಿ ಅದರದು ಇಬ್ಬರು ಹೆಂಡಿರ ಗಂಡನ ಪಾಡಾಗಿತ್ತು. ಇಬ್ಬರೂ ಅನ್ನ ಹಾಕುತ್ತಿರಲಿಲ್ಲ.

ಸುದ್ದಗುಂಟೆಪಾಳ್ಯದ ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೇಳಿ ಬಂದವರ ಸಂಬಳವನ್ನು ಅಪ್ಪ ವಿಚಾರಿಸುತ್ತಿರಲಿಲ್ಲ, ತೋಳು ನೋಡುತ್ತಿದ್ದ. ಹಾಗೆ ಗೆದ್ದು ಬಂದ ಧಾರವಾಡದ ಕಡೆಯ ಗುಮಾಸ್ತರೊಬ್ಬರು ಆಫೀಸಿಗೆ ಹೊರಟ ಇಸ್ತ್ರಿ ಅಂಗಿಯಲ್ಲೇ ಕಾರು ತಳ್ಳುತ್ತಿದ್ದರು. ಮಾರಿಬಿಡಿ ಎಂದು ಅಮ್ಮ ಎರಡು ವರ್ಷ ಜಗಳವಾಡಿದಳು. ತವರಿನ ಮದುವೆಗೆ ಹೊರಟವಳು ಬನಶಂಕರಿಯ ಏರಿನಲ್ಲಿ ರೇಷ್ಮೆ ಸೀರೆಯುಟ್ಟು, ಕೆಟ್ಟು ನಿಂತ ಕಾರು ಕಾಯುತ್ತಾ ಕೂತು, ಮುಹೂರ್ತ ಮುಗಿದ ಮೇಲೆ ಊಟಕ್ಕೆ ಸೇರಿದ್ದಳು. ನಾನೂ ಅಮ್ಮನ ಪಕ್ಷವೇ. ಅಪ್ಪನಿಗೆ ಮಾತ್ರ ಅದನ್ನು ಬಿಡುವುದೆಂದರೆ ಜೀವ ಹೋದ ಹಾಗೆ. ಹೊಲ ಮಾರಿದ್ದಾಗಿತ್ತು, ಎತ್ತು ಮಾರಿದ್ದಾಗಿತ್ತು. ಅವನ ಮಾತು ಕೇಳಲು ಉಳಿದಿದ್ದು ಆ ಕಾರೊಂದೇ, ಅದೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಮಾತು ಬಗೆಹರಿಯದಿದ್ದರೆ ಊರಮ್ಮನ ಗುಡಿಯಲ್ಲಿ ಹೂ ಕೇಳುವುದು ನಮ್ಮವರ ರೂಢಿ. ಪೂಜಾರಿ ದೇವಿಯ ಮೈಮೇಲೆ ಒದ್ದೆ ಹೂವು ಅಂಟಿಸುತ್ತಾನೆ, ಕೇಳುವವರು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ನಮ್ಮ ಬೋರ್‌ವೆಲ್ ಕೊರೆಸಿದ್ದೂ ಹಾಗೆಯೇ. ಒಂದು ಶುಕ್ರವಾರ ಬೆಳಿಗ್ಗೆ ನನ್ನನ್ನು ಸಾಕ್ಷಿಗೆ ಕರೆದುಕೊಂಡು ಅಪ್ಪ ಅಮ್ಮ ಇಬ್ಬರೂ ಹೊರಟರು, ಅದೇ ಕಾರಿನಲ್ಲಿ. ಕೈಮುಗಿದು ಕಣ್ಣು ಮುಚ್ಚಿದರು. ಹೂವು ಸಲೀಸಾಗಿ ಬಲಕ್ಕೆ ಜಾರಿತು. ಇಬ್ಬರೂ ಒಟ್ಟಿಗೇ ಕೆನ್ನೆ ಬಡಿದುಕೊಂಡು ನಕ್ಕರು. ಅವರ ಸಂಸಾರದಲ್ಲಿ ಇಬ್ಬರೂ ಒಟ್ಟಿಗೆ ಗೆದ್ದಿದ್ದನ್ನು ನಾನು ಕಂಡಿರಲಿಲ್ಲ. ವಿಚಾರಿಸಿದರೆ, ಅಮ್ಮ ಕೇಳಿದ್ದು ಮಾರೋಣವೇ ಎಂದು. ಅಪ್ಪ ಕೇಳಿದ್ದು ಇಟ್ಟುಕೊಳ್ಳೋಣವೇ ಎಂದು.

ಗುಡಿಯೊಳಗೇ ಜಗಳ ಶುರುವಾಯಿತು. ಮೊದಲು ಕೈಮುಗಿದವಳು ತಾನೆಂದು ಅಮ್ಮ. ಕಾರು ತನ್ನ ಹೆಸರಿನಲ್ಲಿದೆ, ಆರ್‌ಸಿ ಬುಕ್ಕಿನಲ್ಲಿ ಯಾರಿದ್ದಾರೆಂದು ದೇವರಿಗೂ ಗೊತ್ತಿರುತ್ತದೆಂದು ಅಪ್ಪ. ಪೆಟ್ರೋಲಿನ ಕಡೆ ಇಟ್ಟುಕೊಂಡು ಗ್ಯಾಸಿನ ಕಡೆ ಮಾರಿಬಿಡಿ ಎಂದು ನಾನು ಹೇಳಿದೆ, ಯಾರೂ ನಗಲಿಲ್ಲ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಪೂಜಾರಿಗೆ ಸಾಕುಸಾಕಾಗಿ ಇನ್ನೊಂದು ಹೂವು ಅಂಟಿಸಿದ.

"ಯಜಮಾನ್ರೇ, ಈ ಸಲ ನೀವೊಬ್ರೇ ಕೇಳಿ. ಎಲ್ರಿಗೂ ಕೇಳ್ಸೋ ಹಂಗೆ ಬಾಯಿಬಿಟ್ಟು ಕೇಳಿ. ಮಾರ್ಲಾ ಅಂತ್ಲೇ ಕೇಳಿ" ಎಂದ.

ಅಪ್ಪ ಜೇಬಿನಿಂದ ಕಾರಿನ ಕೀಲಿ ತೆಗೆದು, ಅದನ್ನು ಎರಡು ಕೈಗಳ ನಡುವೆ ಇಟ್ಟುಕೊಂಡೇ ಮುಗಿದ. ಹಿಂದಿನವರು ಗೊಣಗಿದರು. ಕೊನೆಗೆ ಬಾಯಿಬಿಟ್ಟ.

"ತಾಯಿ, ಇದನ್ನೂ ಮಾರ್ಬಿಡ್ಲಾ?"

ಇಷ್ಟು ದಿನ ಅವನನ್ನು ಆಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಹೂವು ಮೆಲ್ಲಗೆ ಸಡಿಲವಾಗುತ್ತಿತ್ತು. ಅಮ್ಮ ಅದನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದಳು.

"ಸಾಕು, ನಡೀರಿ. ಗಾಡಿ ಇರ್ಲಿ ಮನೇಲಿ" ಎಂದು ಅವನ ಮೊಣಕೈ ಹಿಡಿದು ಹೊರಟೇಬಿಟ್ಟಳು.

ಹೂವು ಬಿತ್ತು ಎಂದು ಪೂಜಾರಿ ಹಿಂದಿನಿಂದ ಕೂಗಿ ಹೇಳಿದ. ಯಾವ ಕಡೆಗೆಂದು ನೋಡಲು ನಾವು ಮೂವರಲ್ಲಿ ಯಾರೂ ತಿರುಗಲಿಲ್ಲ.