ಬಣವೆಯ ಮುಂದೆ ನಿಂತ ಅಜ್ಜಿ

ಕನ್ನಡ, ತೆಲುಗು ಎರಡೂ ನಡೆಯುವ ಗಡಿಯೂರು ಮಕ್ತಲದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಹೊಟ್ಟೆಪಾಡಿಗೆ ಮದುವೆ ಫೋಟೋ ತೆಗೆಯುತ್ತೇನೆ, ಮನಸ್ಸಿನ ಖುಷಿಗೆ ಹೊಲಗಳ ಫೋಟೋ. ಬೇಸಿಗೆಯ ಬತ್ತ ಕಟಾವಾಗಿ ರೈತರು ಉಳಿದ ಹುಲ್ಲಿಗೆ ಬೆಂಕಿ ಹಚ್ಚುವ ದಿನಗಳಲ್ಲಂತೂ ಸಂಜೆ ಅಂಗಡಿಯಲ್ಲಿ ನನ್ನ ಕಾಲು ನಿಲ್ಲುವುದಿಲ್ಲ. ಹೊಗೆ ಒಳ್ಳೆಯದಲ್ಲವೆಂದು ಗೊತ್ತು. ಆದರೂ ಅದರ ಹಿಂದೆ ಸೂರ್ಯ ಕೆಂಪಗೆ ಇಳಿಯುವಾಗ ಕಣ್ಣು ಕೀಳಲಾಗುವುದಿಲ್ಲ.

ಹೋದ ವರ್ಷ ಗದ್ವಾಲದ ದಾರಿಯಲ್ಲಿ ಗಂಡ ಹೆಂಡತಿ ಇಬ್ಬರು ಹೊಲದ ಒಂದು ಮೂಲೆಗೆ ಆಗಷ್ಟೇ ಬೆಂಕಿ ಹಚ್ಚಿದ್ದರು. ನಾನು ಬೈಕ್ ನಿಲ್ಲಿಸಿದ್ದೇ ತಡ, ಹೆಂಡತಿ ಕೂಗಿದಳು.

"ಅಣ್ಣಾ, ಬೆಂಕಿ ಫೋಟೋ ಆಮ್ಯಾಲ ಹೊಡೀರಿ. ಮೊದ್ಲ ನಮ್ಮಿಬ್ಬರದು ಒಂದು ಹೊಡೀರಿ."

ಗಂಡ ನಾಚಿ ಮಾರು ದೂರ ಹೋಗಿ ನಿಂತ. "ಸನಿ ಬರ್ರಿ, ನಾನೇನು ಕಡೀತೀನೇನು?" ಎಂದು ಅವಳು ಅವನ ತೋಳು ಹಿಡಿದೆಳೆದಳು. ಮೂಲೆಯ ಬೆಂಕಿಯನ್ನು ಆ ಹೊತ್ತಿಗೆ ಮೂವರೂ ಮರೆತಿದ್ದೆವು. ಗಾಳಿ ತಿರುಗಿತು. ಬೆಂಕಿ ಒಡ್ಡು ಹಾರಿ ಪಕ್ಕದ ಹೊಲದ ಬಣವೆಯತ್ತ ಓಡತೊಡಗಿತು.

ಕ್ಯಾಮರಾವನ್ನು ಬೈಕಿಗೆ ನೇತುಹಾಕಿ ನಾನೂ ಓಡಿದೆ. ಬೇವಿನ ಟೊಂಗೆ ಮುರಿದುಕೊಂಡು ಬಡಿದದ್ದೇ ಬಡಿದದ್ದು. ಹೆಂಡತಿ ಗೋಣಿಚೀಲವನ್ನು ಕಾಲುವೆಯಲ್ಲಿ ಅದ್ದಿ ತಂದು ಹೊಡೆದಳು. ಬಣವೆಗೆ ಇನ್ನೇನು ತಗಲಬೇಕು ಎನ್ನುವಷ್ಟರಲ್ಲಿ ಬೆಂಕಿ ಆರಿತು.

ಅಷ್ಟರಲ್ಲಿ ಬಣವೆಯ ಒಡತಿ, ಪಕ್ಕದ ಹೊಲದ ಅಜ್ಜಿ, ಸೀರೆ ಎತ್ತಿಕಟ್ಟಿ ಬಂದಳು. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬಾಯಿಗೆ ಬರುತ್ತಿತ್ತೇನೋ, ಮೂವರಿಗೂ ತೆಲುಗಿನಲ್ಲಿ ಮಂಗಳಾರತಿ ಎತ್ತಿದಳು. ತಲೆ ತಗ್ಗಿಸಿ ನಿಂತೆವು. ಬೈದು ಬೈದು ದಣಿದ ಮೇಲೆ ನಮ್ಮ ಮಸಿ ಮುಖಗಳನ್ನು ಒಂದೊಂದಾಗಿ ನೋಡಿ ಫಕ್ಕನೆ ನಕ್ಕಳು. ಆಮೇಲೆ ಬೈಕಿನ ಕಡೆ ಕೈ ತೋರಿಸಿ ಕನ್ನಡದಲ್ಲಿ ಕೇಳಿದಳು:

"ಅದು ಫೋಟೋ ಹೊಡ್ಯಾದ ಏನು?"

"ಹೌದಬೇ."

"ಹಂಗಾದ್ರ ನಂದೂ ಒಂದು ಹೊಡಿ. ಬಣವಿ ಪೂರಾ ಕಾಣಬೇಕು ನೋಡು. ನಾಳಿ ಇವರು ಸುಟ್ಟರ ನೆನಪಿಗರ ಇರ್ತೈತಿ."

ಸೆರಗು ಸರಿಮಾಡಿಕೊಂಡು ಅವಳು ಬಣವೆಯ ಮುಂದೆ ಬಿಗುವಾಗಿ ನಿಂತಳು. ಗಂಡ ಹೆಂಡತಿಯನ್ನೂ ಪಕ್ಕಕ್ಕೆ ಕರೆದಳು. ಗಂಡ ಈ ಸಲ ನಾಚಲಿಲ್ಲ. ಹೆಗಲ ಮೇಲಿನ ಟವಲಿನಿಂದ ಹೆಂಡತಿಯ ಕೆನ್ನೆಯ ಮಸಿ ಒರೆಸಲು ಹೋಗಿ ಇನ್ನಷ್ಟು ಬಳಿದ. ನಾನು ಕ್ಲಿಕ್ ಮಾಡಿದ್ದು ಆಗಲೇ.

ಈ ವರ್ಷ ಮತ್ತೆ ಆ ಕಡೆ ಹೋದೆ. ಹೊಲದಲ್ಲಿ ಹೊಗೆಯಿರಲಿಲ್ಲ. ಗಂಡ ಹೆಂಡತಿ ತಮ್ಮ ಹುಲ್ಲನ್ನೆಲ್ಲ ಅಜ್ಜಿಯ ಎಮ್ಮೆಗಳಿಗೆಂದು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಅಜ್ಜಿ ಒಡ್ಡಿನ ಮೇಲೆ ಕುಳಿತು, ಹುಲ್ಲು ಚೆಲ್ಲಬೇಡಿರೆಂದು ಇಬ್ಬರನ್ನೂ ಗದರಿಸುತ್ತಿದ್ದಳು, ಈ ಸಲ ಕನ್ನಡದಲ್ಲೇ.